ಎಲ್ಲರ ಹಿಂದೆ ಬಂಗಾರೆವ್ವ

ಬೆಳಗಿನ ಆರು ಮುಕ್ಕಾಲು. ಫ್ರೀಮಾಂಟಿನ ಮಿಷನ್ ಪೀಕ್ ಗುಡ್ಡದ ಅರ್ಧ ಏರಿನಲ್ಲಿ ನಾನು ಸೊಂಟಕ್ಕೆ ಕೈಕೊಟ್ಟು ನಿಂತಿದ್ದೇನೆ. ಕೆಳಗೆ ಕೊಲ್ಲಿಯ ತುಂಬ ಮಂಜು ಹಾಸಿಕೊಂಡಿದೆ. ಅದರೊಳಗಿಂದ ಫ್ರೀವೇಯ ಸದ್ದಷ್ಟೇ ಮೇಲೆ ಬರುತ್ತಿದೆ. ಜೊತೆಗೆ ಹೊರಟ ಹದಿನೈದು ಜನ ಬೆನ್ನಿಗೆ ಚೀಲ ಏರಿಸಿಕೊಂಡು ಆಗಲೇ ಮೇಲಿನ ತಿರುವು ದಾಟಿದ್ದಾರೆ. ನನ್ನ ಹಿಂದೆ ಇರುವವರು ಒಬ್ಬರೇ, ನಾನು ಬರೆಯಲು ಬಂದಿರುವುದೂ ಅವರ ಬಗ್ಗೆಯೇ.

“ನಿಂತ್ಕೋರಿ, ಅವಸರ ಏನಿಲ್ಲ. ನೀವು ನಿಂತ್ರ ನಾನೂ ನಿಲ್ತೇನಿ,” ಎನ್ನುತ್ತಾರೆ ಬಂಗಾರೆವ್ವ. ಅವರಿಗೆ ಐವತ್ತೇಳು ವರ್ಷ. ಐದಡಿಗಿಂತ ತುಸು ಕಡಿಮೆಯೇ ಎತ್ತರ. ಚೂಡಿದಾರದ ಮೇಲೊಂದು ನೀಲಿ ಜಾಕೆಟ್ಟು, ಬಿಗಿಯಾಗಿ ಕಟ್ಟಿದ ತುರುಬು, ಕಾಲಲ್ಲಿ ಹಿಮ್ಮಡಿ ಸವೆದ ಶೂ. ನನ್ನ ಮುಖವನ್ನು ಅವರು ನೋಡುತ್ತಿಲ್ಲ, ಕಿವಿಗೊಟ್ಟು ನನ್ನ ಉಸಿರನ್ನು ಕೇಳುತ್ತಿದ್ದಾರೆ.

“ಬಾಯಿಲೆ ಉಸಿರಾಡಾಕತ್ತೀರಿ. ಮೂಗಿಲೆ ತಗೋರಿ. ಮಾತಾಡಾಕ ಬರೂವಷ್ಟ ಜೋರು ನಡೀಬೇಕು. ಮಾತು ನಿಂತ್ರ ಕಾಲೂ ನಿಲ್ಲಬೇಕು, ಅಷ್ಟ.”

ಸಾಲಿನ ಕಟ್ಟಕಡೆಗೆ ನಡೆಯುವುದೇ ಬಂಗಾರೆವ್ವ ಅವರ ಕೆಲಸ. ಟ್ರೆಕ್ಕಿನವರು ಇದಕ್ಕೆ ‘ಸ್ವೀಪು’ ಅನ್ನುತ್ತಾರೆ. ಮುಂದೆ ನಡೆಯುವವನು ದಾರಿ ತೋರಿಸುತ್ತಾನೆ, ಫೋಟೋದಲ್ಲಿ ಬರುತ್ತಾನೆ. ಹಿಂದೆ ನಡೆಯುವವರು ಯಾರೂ ಬೆಟ್ಟದಲ್ಲಿ ಉಳಿದುಹೋಗದಂತೆ ನೋಡಿಕೊಳ್ಳುತ್ತಾರೆ. ಮಂಡ್ಯ ಮೂಲದ ಯೋಗಾನಂದ ಯೂನಿಯನ್ ಸಿಟಿಯ ತಮ್ಮ ಮನೆಯ ಗರಾಜಿನಿಂದ ‘ಏರುದಾರಿ’ ಎಂಬ ಪುಟ್ಟ ಸಂಸ್ಥೆ ನಡೆಸುತ್ತಾರೆ. ಬೇಸಿಗೆ ಬಂತೆಂದರೆ ಇಲ್ಲಿನ ಕನ್ನಡಿಗರನ್ನು ಪೆರು ದೇಶಕ್ಕೆ ಕರೆದೊಯ್ದು, ಇಂಕಾ ಜನ ಐದಾರು ನೂರು ವರ್ಷಗಳ ಹಿಂದೆ ಕಲ್ಲು ಹಾಸಿದ ಬೆಟ್ಟದ ದಾರಿಯಲ್ಲಿ ನಾಲ್ಕು ದಿನ ನಡೆಸಿ, ಮಾಚು ಪಿಚು ಎಂಬ ಹಳೆಯ ಕಲ್ಲಿನ ಊರಿಗೆ ಮುಟ್ಟಿಸುತ್ತಾರೆ. ಹೊರಡುವ ಮುಂಚೆ ನಾಲ್ಕು ತಿಂಗಳು, ಪ್ರತಿ ಶನಿವಾರ, ಎಲ್ಲರೂ ಈ ಗುಡ್ಡ ಹತ್ತಬೇಕು.

ಕೊರೊನಾದ ವರ್ಷಗಳನ್ನು ಬಿಟ್ಟರೆ ಏಳು ಬೇಸಿಗೆ, ಒಂಬತ್ತು ಯಾತ್ರೆ. ಒಂದೊಂದರಲ್ಲೂ ನಲವತ್ತಮೂರು ಕಿಲೋಮೀಟರು, ಲೆಕ್ಕವಿಲ್ಲದಷ್ಟು ಕಲ್ಲಿನ ಮೆಟ್ಟಿಲು. ಇಷ್ಟರಲ್ಲಿ ಬಂಗಾರೆವ್ವ ಮಾಚು ಪಿಚು ಮುಟ್ಟಿದ್ದು ಐದೇ ಸಲ. ಉಳಿದ ನಾಲ್ಕು ಸಲ ನಡೆಯಲಾರದವರ ಕೈಹಿಡಿದು ಅರ್ಧದಿಂದ ಇಳಿದು ಬಂದಿದ್ದಾರೆ.

ಬೈಲಹೊಂಗಲದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಗಂಡ ಫ್ರೀಮಾಂಟಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಡ್ರೈವಿಂಗ್ ಟೆಸ್ಟಿನಲ್ಲಿ ಬಂಗಾರೆವ್ವ ನಾಲ್ಕು ಸಲ ಫೇಲಾದರು. ಐದನೇ ಸಲಕ್ಕೆ ಹೋಗಲಿಲ್ಲ. ಗ್ರೋಸರಿಗೆ ನಡೆದರು, ಮಗಳ ಡೇಕೇರಿಗೆ ನಡೆದರು. ಪಾದಚಾರಿಗಳೇ ಕಾಣದ ರಸ್ತೆಗಳಲ್ಲಿ ಕೈಚೀಲ ಹಿಡಿದು ನಡೆಯುವ ಹೆಂಗಸನ್ನು ಕಂಡು ಎಷ್ಟೋ ಜನ ಕಾರು ನಿಲ್ಲಿಸಿ, ಏನಾದರೂ ತೊಂದರೆಯೇ ಎಂದು ಕೇಳಿದ್ದುಂಟು. “ಏನ್ ಹೇಳಬೇಕಂತ ತಿಳೀದ ನಕ್ಕು ಮುಂದ ಹೋಗ್ತಿದ್ದೆ. ಮನಿಯಾಗ ಕುಂತ್ರ ಅಳು ಬರ್ತಿತ್ರಿ. ನಡದ್ರ ಬರ್ತಿದ್ದಿಲ್ಲ.”

ಈಗ ಅವರು ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ನಸುಕಿಗೇ ಎದ್ದು ಬಸ್ಸು ಹಿಡಿದು ಹೋಗಿ ದಿನಕ್ಕೆ ನಾಲ್ಕುನೂರ ಇಪ್ಪತ್ತು ಮಕ್ಕಳ ಊಟಕ್ಕೆ ಅಣಿಮಾಡುತ್ತಾರೆ. ಶಾಲೆಗೆ ರಜೆ ಇರುವ ಬೇಸಿಗೆಯಲ್ಲೇ ಪೆರುವಿನ ಬೆಟ್ಟಗಳಲ್ಲಿ ಮಳೆಯಿಲ್ಲದ ಕಾಲ. ಹಾಗಾಗಿ ಎರಡೂ ಕೆಲಸ ಒಂದಕ್ಕೊಂದು ಹೊಂದಿಕೊಂಡಿವೆ.

ಬಂಗಾರೆವ್ವ ಅವರನ್ನು ಯೋಗಾನಂದ ಮೊದಲು ಕಂಡದ್ದು ಇದೇ ಗುಡ್ಡದಲ್ಲಿ. ಸರಟೋಗಾದ ಹೆಂಗಸೊಬ್ಬರು ಇಳಿಜಾರಿನ ಸಡಿಲ ಕಲ್ಲುಗಳ ಮೇಲೆ ಕಾಲು ಜಾರಿ, ಹೆದರಿ ಕುಳಿತುಬಿಟ್ಟಿದ್ದರು. ಒಂದು ಹೆಜ್ಜೆಯನ್ನೂ ಇಡಲೊಲ್ಲರು. ದಿನದ ವಾಕಿಂಗಿಗೆ ಬಂದಿದ್ದ ಬಂಗಾರೆವ್ವ ಪಕ್ಕದಲ್ಲಿ ಕುಳಿತು, ಜೋಳದ ರೊಟ್ಟಿ ಹರಿಯದಂತೆ ಬಡಿಯುವುದು ಹೇಗೆಂದು ಹೇಳುತ್ತ ಹೇಳುತ್ತ, ಅವರನ್ನು ಎರಡು ಗಂಟೆಯಲ್ಲಿ ಕೆಳಗೆ ತಂದರು. “ನಾನು ಹಿಂದೇನೇ ಬರ್ತಾ ಇದ್ದೆ,” ಎನ್ನುತ್ತಾರೆ ಯೋಗಾನಂದ. “ಫಸ್ಟ್ ಏಡು ಕೋರ್ಸು ಮಾಡಿದೀನಿ, ಆಕ್ಸಿಜನ್ ಮೀಟರು ಇಟ್ಕೊಂಡಿದೀನಿ. ಆದ್ರೆ ಅವರು ಮಾಡಿದ್ದು ನನ್ನ ಕೈಲಿ ಆಗ್ತಿರಲಿಲ್ಲ. ಅವತ್ತೇ ಕೇಳ್ದೆ, ಅಕ್ಕ, ನಮ್ ಜೊತೆ ಪೆರುಗೆ ಬರ್ತೀರಾ ಅಂತ.”

ಮನೆಯಲ್ಲಿ ಈ ಸುದ್ದಿ ಹೇಳಿದಾಗ ಮಗಳು ನಿಸರ್ಗಾ, “ಮಮ್ಮಿ, ಯು ಡೋಂಟ್ ಈವನ್ ಡ್ರೈವ್!” ಎಂದಳಂತೆ. ಅದನ್ನು ಹೇಳಿ ಬಂಗಾರೆವ್ವ ಈಗಲೂ ನಗುತ್ತಾರೆ.

ಮೊದಲ ಯಾತ್ರೆ 2017ರ ಜೂನಿನಲ್ಲಿ. ಹದಿನಾಲ್ಕು ಜನರಲ್ಲಿ ಕುಬೇರಪ್ಪ ಎಲ್ಲರಿಗಿಂತ ಹಿರಿಯರು, ಅರವತ್ತಾರು. ಜೀವಮಾನವೆಲ್ಲ ಕಾಲುವೆ ಕಟ್ಟಿಸಿದ ನೀರಾವರಿ ಇಂಜಿನಿಯರು. ನಿವೃತ್ತಿಯ ನಂತರ ಲಿವರ್‌ಮೋರಿನ ಮಗಳ ಮನೆಯಲ್ಲಿದ್ದರು. ಸುಣ್ಣ ಸಿಮೆಂಟು ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಇಂಕಾ ಜನ ನೀರನ್ನು ಹೇಗೆ ಹರಿಸಿದರು ಎಂಬುದನ್ನು ಕಣ್ಣಾರೆ ನೋಡಬೇಕೆಂಬುದು ಅವರ ನಲವತ್ತು ವರ್ಷದ ಆಸೆ.

ಎರಡನೆಯ ದಿನದ ಏರು ಎಲ್ಲಕ್ಕಿಂತ ಕಠಿಣ. ಹದಿಮೂರು ಸಾವಿರದ ಎಂಟುನೂರು ಅಡಿ ಎತ್ತರದಲ್ಲಿ ದಾರಿ ಬೆಟ್ಟಸಾಲನ್ನು ದಾಟುವ ಕಣಿವೆಯ ಹೆಸರೇ ‘ಸತ್ತ ಹೆಂಗಸು’. ದೂರದಿಂದ ನೋಡಿದರೆ ಬೆಟ್ಟದ ಸಾಲು ಅಂಗಾತ ಮಲಗಿದ ಹೆಂಗಸಿನಂತೆ ಕಾಣುತ್ತದೆ. ಹಿಂದಿನ ಸಂಜೆಯಿಂದ ಕುಬೇರಪ್ಪ ಕೆಮ್ಮುತ್ತಿದ್ದುದು ಬಂಗಾರೆವ್ವ ಅವರ ಕಿವಿಗೆ ಬಿದ್ದಿತ್ತು. ಕೇಳಿದರೆ, ಧೂಳು ಎಂದಿದ್ದರು. ಕಣಿವೆಯ ನೆತ್ತಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಅವರು ಒಂದು ಮೆಟ್ಟಿಲ ಮೇಲೆ ಕುಳಿತರು. ಕುಳಿತ ಮೇಲೂ ಏದುಸಿರು ಇಳಿಯಲಿಲ್ಲ. ಎದೆಯೊಳಗೆ ಗೊರಗೊರ ಸದ್ದು. ತುಟಿ ನೀಲಿಗಟ್ಟಿತ್ತು.

“ಅಣ್ಣಾರ, ಇಳಿಯೂಣು ನಡೀರಿ.”

“ಏ ತಂಗಿ, ಅಲ್ಲೇ ಕಾಣಾಕತ್ತೇತಿ ನೋಡು ತುದಿ. ಇನ್ನೊಂದು ತಾಸು. ಆಮೇಲೆ ಇಳುಕಲೇ ಐತಿ.”

“ನಿಮ್ಮ ಉಸಿರು ನನಗ ಕೇಳಸಾಕತ್ತೈತ್ರಿ. ನೀವು ಬೈದ್ರೂ ಅಡ್ಡಿಯಿಲ್ಲ, ನಾ ಬಿಡಾಂಗಿಲ್ಲ.”

ಮುಂದಿದ್ದ ಮುಖ್ಯ ಗೈಡನ್ನು ಸೀಟಿ ಹೊಡೆದು ಕರೆದರು. ಅವನು ಓಡಿಬಂದು ಆಮ್ಲಜನಕ ಕೊಟ್ಟ. ಬಂಗಾರೆವ್ವ ಹೇಳಿದ್ದನ್ನೇ ಅವನೂ ಹೇಳಿದ. ತಂಡದ ಸಾಮಾನಿನ ಹೊರೆ ಹೊರುವವರಲ್ಲಿ ಗಟ್ಟಿಮುಟ್ಟಾದ ಇಬ್ಬರು ಗಂಡಸರು ಸರದಿಯ ಮೇಲೆ ಕುಬೇರಪ್ಪನವರನ್ನು ಬೆನ್ನಮೇಲೆ ಹೊತ್ತರು. ಸಬಿನಾ ಎಂಬ ಸ್ಥಳೀಯ ಹೆಣ್ಣುಮಗಳು, ಅವಳೂ ಹೊರೆ ಹೊರುವವಳೇ, ಆಮ್ಲಜನಕದ ಸಿಲಿಂಡರು ಹಿಡಿದು ಪಕ್ಕದಲ್ಲೇ ಇಳಿದಳು. ಬಂಗಾರೆವ್ವ ಹಿಂದೆ. ಅವಳಿಗೆ ತಿಳಿದದ್ದು ಕೆಚುವಾ ಭಾಷೆ, ಇವರಿಗೆ ಕನ್ನಡ. ಹೆಜ್ಜೆಹೆಜ್ಜೆಗೂ ಅವಳು ‘ಅಲ್ಲಿಲ್ಲಮಾಂತ, ಅಲ್ಲಿಲ್ಲಮಾಂತ’ ಎನ್ನುತ್ತಿದ್ದಳು. “ನನಗ ‘ಅಲ್ಲಿಲ್ಲಮ್ಮಾ’ ಅಂದಂಗ ಕೇಳಸ್ತು. ಏನು ಅಲ್ಲಿಲ್ಲ? ಆಸ್ಪತ್ರಿ ಇಲ್ಲೇನು? ಜೀವ ಹಾರಿಹೋತ್ರಿ. ಆಮೇಲೆ ಗೈಡು ಹೇಳಿದ. ಮೆಲ್ಲಕ, ಜ್ವಾಕಿ ಅಂತ ಅದರ ಅರ್ಥ ಅಂತ.”

ನಾಲ್ಕು ತಾಸಿನಲ್ಲಿ ಮೂರು ಸಾವಿರ ಅಡಿ ಇಳಿದರು. ಅಲ್ಲಿಂದ ಕುದುರೆ, ಆಮೇಲೆ ವ್ಯಾನು. ತೀರ ಎತ್ತರಕ್ಕೆ ಏರಿದ್ದರಿಂದ ಶ್ವಾಸಕೋಶದಲ್ಲಿ ನೀರು ತುಂಬಿದೆ, ಇನ್ನೊಂದೆರಡು ತಾಸು ಮೇಲೇರಿದ್ದರೆ ಉಳಿಯುತ್ತಿರಲಿಲ್ಲ ಎಂದರು ಕೆಳಗಿನ ಊರಿನ ಡಾಕ್ಟರು. ಮೂರನೆಯ ದಿನ ಕುಬೇರಪ್ಪ ಎದ್ದು ಕುಳಿತು ಸೂಪು ಕುಡಿದರು. ಆದರೆ ತಮ್ಮನ್ನು ಇಳಿಸಿ ತಂದ ಬಂಗಾರೆವ್ವ ಅವರೊಂದಿಗೆ ಮಾತ್ರ ಮಾತಾಡಲಿಲ್ಲ. ವಿಮಾನದಲ್ಲೂ ಇಲ್ಲ, ಮನೆಗೆ ಬಂದಮೇಲೆ ಎಂಟು ತಿಂಗಳೂ ಇಲ್ಲ.

“ಸಿಟ್ಟಿರಲಿಲ್ರಿ ಅವರಿಗೆ. ಆಸೆ ಮುರದಿತ್ತು. ನನಗೂ ಮುರದಿತ್ತು, ಯಾಕ ಸುಳ್ಳು ಹೇಳ್ಲಿ? ನಾನೂ ನೋಡಬೇಕಂತ ಹೋದಾಕಿ.”

ಮರುವರ್ಷ ಫೆಬ್ರವರಿಯಲ್ಲಿ ಕುಬೇರಪ್ಪನವರ ಫೋನು ಬಂತು. “ಮತ್ತ ಹೊಂಟೀಯಂತ ಕೇಳಿದೆ. ನಂದೊಂದು ಕೆಲಸ ಮಾಡ್ತೀಯೇನು, ತಂಗಿ?” ಬಂಗಾರೆವ್ವ ಅವರನ್ನು ಲಿವರ್‌ಮೋರಿಗೆ ಕರೆಸಿಕೊಂಡರು. ಅಡುಗೆಮನೆಯ ಮೇಜಿನ ಮೇಲೆ ಸೋಪಿನ ಬಿಲ್ಲೆಗಳನ್ನು ಚಾಕುವಿನಿಂದ ಮೂಲೆಮೂಲೆ ಕೊರೆದು ಜೋಡಿಸಿ, ಕಲ್ಲಿಗೆ ಕಲ್ಲು ಕಚ್ಚಿಕೊಳ್ಳುವ ಬಗೆ ತೋರಿಸಿದರು. ಗೋಡೆ ಯಾಕೆ ಒಳಕ್ಕೆ ಓರೆಯಾಗಿರುತ್ತದೆ, ಭೂಮಿ ನಡುಗಿದರೆ ಕಲ್ಲು ಹೇಗೆ ಕುಣಿದು ಮತ್ತೆ ಅದೇ ಜಾಗಕ್ಕೆ ಕೂರುತ್ತದೆ, ಕಾಲುವೆಯ ಇಳಿಜಾರನ್ನು ಬರಿಗಣ್ಣಿನಿಂದ ಅಳೆಯುವುದು ಹೇಗೆ, ಎಲ್ಲವನ್ನೂ ನಾಲ್ಕು ಭಾನುವಾರ ಪಾಠ ಮಾಡಿದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಬಂಗಾರೆವ್ವ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಆ ಜೂನಿನಲ್ಲಿ ಅವರು ಸತ್ತ ಹೆಂಗಸಿನ ಕಣಿವೆ ದಾಟಿದರು. ಮೂರನೆಯ ದಿನದ ಮಧ್ಯಾಹ್ನ ವಿನ್ಯಾಯ್ ವಾಯ್ನ ಎಂಬ ಹಳೆಯ ನೆಲೆ. ಕಡಿದಾದ ಬೆಟ್ಟದ ಮೈಗೆ ಕಲ್ಲಿನ ಮೆಟ್ಟಿಲುಗದ್ದೆಗಳು, ನಡುವೆ ಒಂದರ ಕೆಳಗೊಂದರಂತೆ ಕಲ್ಲಿನ ತೊಟ್ಟಿಗಳು. ಮೇಲಿನದರಿಂದ ಕೆಳಗಿನದಕ್ಕೆ ಬೆರಳುಗಾತ್ರದ ನೀರು ಬೀಳುತ್ತಿತ್ತು. ಕಟ್ಟಿದವರು ಹೋಗಿ ಐದು ನೂರು ವರ್ಷವಾಗಿದೆ. ಆ ಊರಿನಲ್ಲಿ ಈಗ ಒಂದು ನರಪಿಳ್ಳೆಯಿಲ್ಲ. ನೀರು ಮಾತ್ರ ಅವರು ತೋರಿಸಿದ ದಾರಿಯಲ್ಲೇ ಹರಿಯುತ್ತಿದೆ. ಬಂಗಾರೆವ್ವ ಅಲ್ಲೇ ಕುಳಿತುಬಿಟ್ಟರು.

“ಮೈ ಜುಮ್ಮಂತ್ರಿ. ಕೈ ಜೋಡಿಸಬೇಕೋ ಬ್ಯಾಡೋ ತಿಳೀಲಿಲ್ಲ. ದೇವರು ಅಂತೂ ಯಾವ್ದೂ ಇರಲಿಲ್ಲ ಅಲ್ಲಿ. ಆದ್ರೂ ಜೋಡಿಸಿದೆ. ಯಾವನೋ ಒಬ್ಬ ಕಲ್ಲು ಕಡದಾನ, ನೀರಿಗೆ ಹಿಂಗ ಹೋಗು ಅಂದಾನ. ಅದು ಇನ್ನೂ ಹೋಗಾಕತ್ತೈತಿ.”

ಮೊಬೈಲು ತೆಗೆದು, ಚಿತ್ರ ಬೇಡವೆಂದು, ಆ ನೀರಿನ ಸದ್ದನ್ನಷ್ಟೇ ನಾಲ್ಕು ನಿಮಿಷ ರೆಕಾರ್ಡು ಮಾಡಿಕೊಂಡರು.

ಲಿವರ್‌ಮೋರಿನಲ್ಲಿ ಕುಬೇರಪ್ಪ ಅದನ್ನು ಕಣ್ಣುಮುಚ್ಚಿ ಮೂರು ಸಲ ಕೇಳಿದರು. ಮೂರನೆಯ ಸಲ ಕೆನ್ನೆಯ ಮೇಲೆ ನೀರಿಳಿಯಿತು. “ಸೋರಿಕಿ ಸಪ್ಪಳ ಇಲ್ಲ ನೋಡು, ತಂಗಿ. ನಾ ಕಟ್ಟಿಸಿದ್ದು ಮೂವತ್ತು ವರ್ಷಕ್ಕ ಬಿರುಕು ಬಿಡ್ತು. ಇದರಾಗ ಒಂದು ಹನಿ ಹಾದಿ ತಪ್ಪಿಲ್ಲ.” ಮೊಬೈಲು ಮರಳಿ ಕೊಡುತ್ತ, “ನೀ ಅವತ್ತು ಇಳಿಸಿದ್ದಿಲ್ಲಂದ್ರ ಇದನ್ನ ಯಾರು ಕೇಳ್ತಿದ್ರು?” ಎಂದರಂತೆ. ಎಪ್ಪತ್ತು ದಾಟಿರುವ ಅವರು ಈಗಲೂ ಇದ್ದಾರೆ, ಹೊಸದಾಗಿ ಹೊರಡುವವರಿಗೆ ಸೋಪಿನ ಪಾಠ ಮಾಡುತ್ತಾರೆ.

ನಾವು ತುದಿ ಮುಟ್ಟುವ ಹೊತ್ತಿಗೆ ಮಂಜು ಹರಿದು ಕೊಲ್ಲಿಯ ನೀರು ಹೊಳೆಯುತ್ತಿದೆ. ಮುಂದೆ ಬಂದವರು ತುದಿಯಲ್ಲಿ ನೆಟ್ಟ ಕಂಬದ ಬಳಿ ಸಾಲು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಬಂಗಾರೆವ್ವ ತಲೆ ಎಣಿಸುತ್ತಾರೆ. ಆಮೇಲೆ ಬಂಡೆಯ ಮೇಲೆ ಕುಳಿತು, ಶೇಂಗಾದುಂಡೆ ಮುರಿದು ನನಗರ್ಧ ಕೊಟ್ಟು, ಕೇಳದೆಯೇ ಕಳೆದ ಜೂನಿನ ಮಾತು ತೆಗೆಯುತ್ತಾರೆ.

ಹೊರೆ ಹೊರುವವರಲ್ಲಿ ಹೆಚ್ಚಿನವರು ಕೊನೆಯ ಬೆಳಿಗ್ಗೆ ಬೇರೆ ದಾರಿಯಿಂದ ರೈಲಿಗೆ ಇಳಿದುಬಿಡುತ್ತಾರೆ. ಯಾತ್ರಿಗಳ ಡೇರೆ, ಒಲೆ, ಅಕ್ಕಿ ಹೊತ್ತು ಮೂರು ದಿನ ನಡೆದವರು ಮಾಚು ಪಿಚುವಿನ ತನಕ ಬರುವುದಿಲ್ಲ. ಒಂಬತ್ತು ವರ್ಷದಿಂದ ಹೊರುತ್ತಿದ್ದ ಸಬಿನಾ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಇದು ತಿಳಿದಾಗ ಬಂಗಾರೆವ್ವ ಯೋಗಾನಂದರಿಗೆ ಹೇಳಿದ್ದು ಇಷ್ಟೆ: “ಆಕಿ ಬರದಿದ್ರ ನಾನೂ ಆಕಿ ಸಂಗಾಟ ರೈಲಿಗೆ ಇಳಿದುಬಿಡ್ತೇನಿ.” ಯೋಗಾನಂದ ಸಬಿನಾಳ ಹೆಸರಿನಲ್ಲಿ ಪರವಾನಗಿ ಮಾಡಿಸಿದರು.

ಆ ಕೊನೆಯ ಬೆಳಿಗ್ಗೆ, ಮಾಚು ಪಿಚು ಮೊದಲು ಕಣ್ಣಿಗೆ ಬೀಳುವ ‘ಸೂರ್ಯನ ಬಾಗಿಲು’ ಎಂಬ ಕಲ್ಲಿನ ದ್ವಾರಕ್ಕೆ ಇಬ್ಬರೂ ಎಲ್ಲರಿಗಿಂತ ನಲವತ್ತು ನಿಮಿಷ ತಡವಾಗಿ ಬಂದರು. ಉಳಿದವರು ನೋಡಿ ಮುಂದೆ ಇಳಿದಾಗಿತ್ತು. ಎದುರಿಗೆ ಬರೀ ಮಂಜು. ಕಲ್ಲಿನ ಮೇಲೆ ಅಕ್ಕಪಕ್ಕ ಕುಳಿತರು. ಬಹಳ ಹೊತ್ತಿನ ಮೇಲೆ ಮಂಜು ಅಲುಗಿತು. ಮೊದಲು ಒಂದು ಗೋಡೆ ಕಂಡಿತು, ಆಮೇಲೆ ಹಸಿರು ಮೆಟ್ಟಿಲುಗಳು, ಆಮೇಲೆ ಇಡೀ ಊರು, ಅದರ ಹಿಂದೆ ನೆಟ್ಟಗೆ ನಿಂತ ಬೆಟ್ಟ. ಸಬಿನಾ ಎದ್ದು ನಿಂತು ಟೋಪಿ ತೆಗೆದಳು. ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದಳು.

“ಏನಂದ್ಲೋ ತಿಳೀಲಿಲ್ರಿ. ನಾನೂ ಏನೋ ಅಂದೆ, ಕನ್ನಡದಾಗ. ಆಕಿಗೂ ತಿಳೀಲಿಲ್ಲ. ಇಬ್ರೂ ಅಳಕೋತ ನಕ್ವಿ. ಆಕಿ ಅಜ್ಜ ಮುತ್ತಜ್ಜಾರು ಕಟ್ಟಿದ ಊರಲ್ರಿ ಅದು. ನಾನು ಐದು ಸಲ ನೋಡೀನಿ, ಆಕಿ ಅದೇ ಮೊದಲು.”

ಅವರ ಆಸೆಯೇನು ಎಂದು ಕೇಳುತ್ತೇನೆ. ಮೊಣಕಾಲು ಇನ್ನೊಂದೆರಡು ಬೇಸಿಗೆ ನಡೆಸಿಕೊಟ್ಟರೆ ಸಾಕು ಎನ್ನುತ್ತಾರೆ. ಆಮೇಲೆ ನನ್ನ ಟಿಪ್ಪಣಿ ಪುಸ್ತಕದತ್ತ ಬೊಟ್ಟುಮಾಡುತ್ತಾರೆ.

“ನನ್ನ ಹೆಸರು ಬರಕೊಂಡ್ರಿ. ಆಕಿದೂ ಬರೀರಿ. ಪೂರ್ತಿ ಬರೀರಿ. ಸಬಿನಾ ವಾಮಾನ್ ಕಿಸ್ಪೆ. ಕಾಗುಣಿತ ತಪ್ಪಬ್ಯಾಡ್ರಿ.”

ಬರೆದು ತೋರಿಸುತ್ತೇನೆ. ಜಾಕೆಟ್ಟಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಾರೆ.

“ಹೂಂ, ಈಗ ಬರೋಬ್ಬರಿ ಆತು,” ಎಂದು ಏಳುತ್ತಾರೆ. “ನಡೀರಿ. ಮುಂದ ನೀವು ಹೋಗ್ರಿ.”