ಮುಂಗೋಣೆ ಇಲ್ಲದ ಮನೆಗಳು

ನಮ್ಮಣ್ಣ ವಿಲ್ಫ್ ಅರ್ಧ ಆಯುಷ್ಯವನ್ನು ಸಮುದ್ರದಾಚೆಯ ಮೊಂಬಾಸಾದ ಪುರಸಭೆಯಲ್ಲಿ ಸವೆಸಿದ ವಾಸ್ತುಶಿಲ್ಪಿ. ಅವನು ಅಲ್ಲಿ ಊರು ಕಟ್ಟುತ್ತಿದ್ದಾಗ ಇಲ್ಲಿ ಲ್ಯಾಂಕಾಷೈರಿನಲ್ಲಿ ಗಿರಣಿಗೂ ಹೋಗಿ ಅಮ್ಮನನ್ನೂ ನೋಡಿಕೊಂಡವಳು ನಾನು. ಹೊಗಳಿಕೆ ಮಾತ್ರ ಅವನಿಗೆ. "ಅಲ್ಲಿಯವರ ಮನೇಲಿ ಹೆಣ ತೊಳೆಯೋಕೆ ಒಂದು ಜಾಗ ಇರ್ಬೇಕಂತೆ. ನಮ್ಮ ವಿಲ್ಫ್ ಅವರ ಹಿರಿಯರನ್ನ ಕೇಳ್ಕೊಂಡೇ ನಕ್ಷೆಯ ಗೆರೆ ಎಳೀತಾನಂತೆ," ಎಂದು ಅಮ್ಮ ಬೀದಿಗೆಲ್ಲ ಸಾರುತ್ತಿದ್ದಳು.

ಯುದ್ಧ ಮುಗಿದ ಮೇಲೆ ಅವನು ನಮ್ಮ ಊರಿನ ಪುರಸಭೆಗೇ ಬಂದ. ನಮ್ಮ ಹಳೆಯ ಸಾಲುಮನೆಗಳನ್ನು ಕೆಡವಿಸಿ ಗುಡ್ಡದ ಮೇಲೆ ಹೊಸ ಮನೆಗಳನ್ನು ಕಟ್ಟಿಸಿದ. ನಮಗೂ ಒಂದು ಸಿಕ್ಕಿತು. ಒಳಗೇ ಕಕ್ಕಸು, ಬಿಸಿನೀರು, ಬಿಳಿ ಸ್ನಾನದ ತೊಟ್ಟಿ. ಅಮ್ಮ ಎಲ್ಲವನ್ನೂ ನೋಡಿ ಮುಗಿಸಿ ಕೇಳಿದಳು.

"ಮುಂಗೋಣೆ ಎಲ್ಲೋ?"

"ನೆಂಟರಿಗೆ ಅಂತ ವರ್ಷಕ್ಕೆರಡು ಸಲ ಬಾಗಿಲು ತೆಗೆಯೋ ಕೋಣೆ ಯಾಕಮ್ಮ? ಗೋಡೆ ತೆಗೆದು ಒಂದೇ ದೊಡ್ಡ ಕೋಣೆ ಮಾಡಿದೀನಿ."

"ನಿಮ್ಮಪ್ಪ ಸತ್ತಾಗ ಮಲಗಿಸಿದ್ದು ಮುಂಗೋಣೇಲೇ. ನನ್ನನ್ನ ಎಲ್ಲಿ ಮಲಗಿಸ್ತೀಯ?"

ಅವನು ನಕ್ಕುಬಿಟ್ಟ. ಅಮ್ಮ ನಗಲಿಲ್ಲ. "ಏನೇ ಆಗ್ಲಿ, ನಾನು ಮಣ್ಣಿಗೆ ಹೊರಡೋದು ಮನೆಯಿಂದಾನೇ," ಎಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಳು.

ಮುಂದಿನ ಚಳಿಗಾಲದಲ್ಲಿ ಅಮ್ಮ ಹೋದಳು. ಶವಪೆಟ್ಟಿಗೆಯನ್ನು ಆ ಒಂದೇ ಕೋಣೆಯಲ್ಲಿ, ಒಲೆಗೂ ಊಟದ ಮೇಜಿಗೂ ನಡುವೆ ಇಟ್ಟೆವು. ಮಣ್ಣಿಗೆ ಬಂದವರಿಗೆ ಚಹಾ, ಹಂದಿಮಾಂಸದ ಹ್ಯಾಮ್ ಕೊಡದೆ ಕಳಿಸಿದರೆ ನಮ್ಮಲ್ಲಿ ಮಾನ ಉಳಿಯುವುದಿಲ್ಲ. ಹೆಣದ ಎದುರು ತಿಂದರೂ ಉಳಿಯುವುದಿಲ್ಲ.

ಪಕ್ಕದ ಮನೆಯ ಮಿಸೆಸ್ ಕ್ಲೆಗ್ ತಟ್ಟೆ ಹಿಡಿದು ನಿಂತಿದ್ದಳು. "ಇದನ್ನ ಎಲ್ಲಿಡ್ಲಿ ವಿಲ್ಫ್? ನಿಮ್ಮಮ್ಮನ ಹೊಟ್ಟೆ ಮೇಲಾ?"

"ಪೆಟ್ಟಿಗೇನ ಚರ್ಚಿಗೆ ಕಳಿಸಿದ್ರೆ..." ಎಂದ ಅವನು ಮೆಲ್ಲಗೆ.

"ಮಾತು ಕೊಟ್ಟಿದೀಯ," ಎಂದೆ. ಅದಕ್ಕಿಂತ ಹೆಚ್ಚು ಜಗಳವಾಡುವಷ್ಟು ಶಕ್ತಿ ನನ್ನಲ್ಲಿರಲಿಲ್ಲ.

ಅವನು ತನ್ನ ನಕ್ಷೆ ಬರೆಯುವ ಹಲಗೆಯನ್ನು ಮಹಡಿಗೆ ಹೊತ್ತೊಯ್ದು ಸ್ನಾನದ ತೊಟ್ಟಿಯ ಮೇಲೆ ಅಡ್ಡ ಹಾಕಿದ. ಅದರ ಮೇಲೆ ಹ್ಯಾಮ್, ಕೇಕು, ಕೆಟಲು. ಊರವರೆಲ್ಲ ಅಮ್ಮನಿಗೆ ತಲೆಬಾಗಿ, ಮೆಟ್ಟಿಲ ಮೇಲೆ ಸಾಲುನಿಂತು, ಬಚ್ಚಲಿಗೆ ಹೋಗಿ ಚಹಾ ಕುಡಿದರು. ಬಗ್ಗಿಸಿ ಕೊಟ್ಟವನು ಪುರಸಭೆಯ ವಾಸ್ತುಶಿಲ್ಪಿ. "ತೊಟ್ಟಿ ಚೆನ್ನಾಗಿದೆ ಕಣಪ್ಪ," ಎಂದ ಒಬ್ಬ ಮುದುಕ. ಯಾರೂ ನಗಲಿಲ್ಲ. ಅಣ್ಣನನ್ನು ನೋಡಿ ನನಗೆ ಮೊದಲ ಸಲ ಅಯ್ಯೋ ಅನ್ನಿಸಿತು.

ಮಣ್ಣು ಮುಗಿಸಿ ಬಂದ ಮೇಲೆ ಅವನು ಕೋಟು ಕೂಡ ಬಿಚ್ಚದೆ ಆ ಖಾಲಿ ಜಾಗವನ್ನು ನೋಡುತ್ತ ಕೂತ.

"ಇನ್ನು ಕಟ್ಟೋ ಮನೆಗಳಿಗಾದ್ರೂ ಗೋಡೆ ಹಾಕ್ಸು," ಎಂದೆ.

"ಎಲ್ಲಾ ಕಟ್ಟಿ ಮುಗೀತು, ನೋರಾ. ಇಡೀ ಗುಡ್ಡ ಹೀಗೇ ಇದೆ." ಕೋಟಿನ ಗುಂಡಿ ಬಿಚ್ಚುತ್ತ ಹೇಳಿದ: "ಮೊಂಬಾಸಾದಲ್ಲಿ ಪ್ರತಿ ಮನೇಗೂ ಹೋಗಿ ಕೇಳ್ತಿದ್ದೆ ಕಣೇ. ಇಲ್ಲಿ ಅಮ್ಮನೇ ಬಾಯಿಬಿಟ್ಟು ಹೇಳಿದ್ಲು. ನಾನು ನಕ್ಕೆ."