ಸಕ್ರಪ್ಪಣ್ಣ ಡ್ಯಾಕ್ ಆರಿಸಿದ್ದು

ಸಕ್ರಪ್ಪಣ್ಣ ಎತ್ತಿನ ಹಲ್ಲು ನೋಡುವುದನ್ನು ಒಮ್ಮೆ ನೋಡಬೇಕು. ಎಡಗೈಯಲ್ಲಿ ಮೂಗುದಾರ ಹಿಡಿದು, ಬಲಗೈ ಹೆಬ್ಬೆರಳನ್ನು ದವಡೆಯ ಮೂಲೆಗೆ ತೂರಿಸಿ, ಅದರ ಕಿವಿಯಲ್ಲಿ ಗುಟ್ಟು ಹೇಳುವವನ ಹಾಗೆ ಬಗ್ಗುತ್ತಾನೆ. ಮುಂಡರಗಿ, ಲಕ್ಷ್ಮೇಶ್ವರ, ಗದಗ ಎಂದು ದನದ ಸಂತೆಗಳಲ್ಲಿ ನಲವತ್ತೈದು ವರ್ಷ ದಲಾಲಿ ಮಾಡಿದವನು. ನನಗಿಂತ ಏಳು ವರ್ಷಕ್ಕೆ ದೊಡ್ಡವನು. ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ, ಎದುರಿಗೆ ಹಾಗೆ ಅನ್ನುವ ಧೈರ್ಯ ನನಗಿಲ್ಲ. ಬೆಟಗೇರಿಯಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದೇ ಗೋಡೆ.

ದನದ ದಲಾಲಿಗೆ ಹಿಂದುಸ್ತಾನಿ ಸಂಗೀತದ ಹುಚ್ಚು ಎಲ್ಲಿಂದ ಹತ್ತಿತು ಎಂದು ಹೊರಗಿನವರು ಕೇಳುತ್ತಾರೆ. ಗದಗಿನವರು ಕೇಳುವುದಿಲ್ಲ, ಊರಿಗೇ ಆ ಹುಚ್ಚು. ಸಂತೆಯಿಂದ ಬಂದು, ಮೈ ತೊಳೆದುಕೊಂಡು, ಪಡಸಾಲೆಯ ಜಮಖಾನದ ಮೇಲೆ ಕುಳಿತು ಟೇಪ್ ಹಚ್ಚಿದನೆಂದರೆ ಅವನ ದಿನ ಮುಗಿದಂತೆ. ಪಕ್ಕದಲ್ಲಿ ಹೆಂಡತಿ ಸಾವಕ್ಕ, ಮೊರದಲ್ಲಿ ಜೋಳ ಹಸನು ಮಾಡುತ್ತ. ಅರ್ಧ ತಾಸಿಗೆ ಕ್ಯಾಸೆಟ್ಟಿನ ಒಂದು ಬದಿ ಮುಗಿದು ಟೇಪು ಟಕ್ ಎನ್ನುತ್ತಿತ್ತು. ಇವನು ಎದ್ದು ಬದಿ ತಿರುವಬೇಕು. ನಮ್ಮ ಮನೆಯಲ್ಲಿ ಆ ಟಕ್ ಕೇಳಿ ಚಹಾಕ್ಕೆ ಇಡುತ್ತಿದ್ದೆವು.

ಎರಡು ವರ್ಷದ ಹಿಂದೆ ಟೇಪು ಕೆಟ್ಟಿತು, ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಮುಂಡರಗಿಯಲ್ಲಿ ನರ್ಸ್ ಆಗಿರುವ ಮಗಳು ವಿದ್ಯಾಶ್ರೀ ಎರಡು ಸ್ಪೀಕರು ತಂದಿಟ್ಟು, ಅಪ್ಪನ ಫೋನಿಗೆ ಹೊಂದಿಸಿ, ಎಲ್ಲ ಹಾಡೂ ಇದರಲ್ಲೇ ಬರುತ್ತದೆ ಎಂದು ತೋರಿಸಿಕೊಟ್ಟು ಹೋದಳು. ಬಂದವೂ ಹೌದು. ಆದರೆ ಹದಿನೈದು ದಿನಕ್ಕೆ ಸಾವಕ್ಕ "ಇದರಾಗ ಏನೋ ಇಲ್ಲ ನೋಡ್ರಿ" ಎಂದು ಮೊರ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಮತ್ತೆ ಬರಲಿಲ್ಲ. ಕರೆದರೆ, ಕೆಲಸ ಐತಿ ಅನ್ನುತ್ತಿದ್ದಳು.

ಒಂದು ದಿನ ಸಕ್ರಪ್ಪಣ್ಣ ಗೋಡೆಯ ಮೇಲೆ ಮೊಣಕೈ ಊರಿ ನನ್ನನ್ನು ಕರೆದ.

"ಮಾಸ್ತರ್ರ, ಹಾಡ ಹ್ವಾದ್ರ ಹೋಗ್ಲಿ. ಆಕಿ ಬಾಜೂಕ ಇಲ್ಲಂದ್ರ ನನಗ ಸಂಜಿ ಆದಂಗ ಆಗೂದಿಲ್ರಿ. ಏನರೆ ಮಾಡ್ರಿ."

ಎಪ್ಪತ್ತು ದಾಟಿದ ಗಂಡಸು ಹೆಂಡತಿ ಪಕ್ಕದಲ್ಲಿ ಕೂರುವುದಿಲ್ಲವೆಂದು ಇಷ್ಟು ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು. ಇಂಥ ಹೊತ್ತಿನಲ್ಲೂ ಪಾಠವೇ ಬಾಯಿಗೆ ಬರುತ್ತದೆ. ಇದು ಧ್ವನಿಯ ದೋಷ ಎಂದೆ. ಫೋನಿಗೆ ಬರುವುದು ಹಾಡಲ್ಲ, ಬರೀ ಅಂಕಿ. ಆ ಅಂಕಿಗಳನ್ನು ಓದಿ ಮತ್ತೆ ಸದ್ದಿನ ಅಲೆ ಮಾಡುವ ಸಾಧನಕ್ಕೆ ಡ್ಯಾಕ್ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಆ ಕೆಲಸವನ್ನು ಸ್ಪೀಕರಿನೊಳಗಿನ ಒಂದು ಅಗ್ಗದ ಚಿಪ್ಪು ಹೇಗೋ ಮುಗಿಸುತ್ತಿದೆ. ಸಾವಕ್ಕನ ಕಿವಿ ಸೂಕ್ಷ್ಮ, ಕಳೆದುಹೋದದ್ದನ್ನು ಹಿಡಿದಿದೆ. ಒಳ್ಳೆಯದೊಂದು ಡ್ಯಾಕ್ ಬೇರೆಯಾಗಿಯೇ ತರಿಸಿ.

ಅವನು ಗೋಡೆಯ ಮೇಲೆ ಇನ್ನಷ್ಟು ಬಗ್ಗಿದ. "ಅಂದ್ರ ನಡುವಿನ ದಲಾಲಿ ಅನ್ರಿ. ಅತ್ತಾಗಿಂದ ಅಂಕಿ ತಗೊಂಡು ಇತ್ತಾಗ ಹಾಡ ಕೊಡತಾನ. ನಡಕ ಎಷ್ಟ ತಿಂತಾನ?"

"ಅದನ್ನ ನೋಡೇ ಆರಿಸಬೇಕ್ರಿ" ಎಂದೆ. ಇಷ್ಟು ಚೆಂದಾಗಿ ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ, ಹೊಟ್ಟೆಕಿಚ್ಚಾಯಿತು.

ಗದಗಿನಲ್ಲಿ ಸೌಂಡ್ ಸಿಸ್ಟಮ್ ಅಂಗಡಿ ಇಟ್ಟಿರುವ ಲೋಹಿತ ನನ್ನ ಹಳೆಯ ವಿದ್ಯಾರ್ಥಿ. ಒಂದು ಸಂಜೆ ಮೂರು ಡ್ಯಾಕ್ ತಂದ. ಒಂದು ಕಡ್ಡಿಪೆಟ್ಟಿಗೆಯಷ್ಟು, ಒಂದು ಊಟದ ಡಬ್ಬಿಯಷ್ಟು, ಇನ್ನೊಂದು ಪಂಚಾಂಗದ ಹಾಗೆ ಚಪ್ಪಟೆಯಾಗಿ ದೊಡ್ಡದು, ಮುಂದೆ ಸದ್ದು ಏರಿಸಿ ಇಳಿಸಲು ಮಿರಮಿರ ಮಿಂಚುವ ಗುಂಡು ಗುಬುಟು. ನಾನು ಮೊದಲೇ ಎಲ್ಲ ಓದಿಕೊಂಡಿದ್ದೆ. ಚಪ್ಪಟೆಯದರ ಗರಗರ ಸದ್ದು ಎಷ್ಟು ಕಡಿಮೆ, ಅದು ಅಂಕಿಗಳನ್ನು ಎಷ್ಟು ಸಲ ಸೋಸುತ್ತದೆ ಎಂದು ಶುರು ಮಾಡಿದೆ.

ಸಕ್ರಪ್ಪಣ್ಣ ಕೈ ಎತ್ತಿದ. "ಮಾಸ್ತರ್ರ, ನಾ ಎತ್ತ ನೋಡೂ ಮುಂದ ಮಾಲಕ ಯಾರು ಅಂತ ಕೇಳಂಗಿಲ್ಲ. ಕೇಳಿದ್ರ ಕಣ್ಣ ಕೆಡತಾವ." ಹೆಗಲ ಮೇಲಿನ ಟವೆಲ್ ತೆಗೆದು ಮೂರರ ಮೇಲೂ ಹೊದಿಸಿದ. "ಲೋಹಿತ, ನೀ ಒಳಗ ಕೈ ಹಾಕಿ ಜೋಡಸು. ಯಾವುದು ಹಚ್ಚೀದಿ ಅಂತ ಉಸುರಬ್ಯಾಡ."

ಇಲ್ಲಿಯ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಅಡಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಒತ್ತುತ್ತಾರೆ. ಸುತ್ತ ನಿಂತ ನೂರು ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಡ್ಯಾಕಿಗೂ ಅದೇ ಪದ್ಧತಿ ಎಂದು ಸಕ್ರಪ್ಪಣ್ಣ ತೀರ್ಮಾನಿಸಿದ. ಮೊದಲು ಕೇಳಿದ್ದು ಹಿಡಿಸಿದರೆ ಒಂದು ಬೆರಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಒಬ್ಬರ ದರ ಇನ್ನೊಬ್ಬರಿಗೆ ತಿಳಿಯಬಾರದು.

"ಸಾವಕ್ಕ, ಇವತ್ತೊಂದ ದಿನ ಬಾ. ದರ ನೀನ ಹೇಳಬೇಕು" ಎಂದು ಕೂಗಿದ. ಬಂದವರ ಎದುರು ಒಲ್ಲೆ ಅನ್ನಲಾಗದೆ ಅವಳು ಬಂದಳು. ಮೊರ ಮಾತ್ರ ಬಿಡಲಿಲ್ಲ.

ಲೋಹಿತ ಮೊದಲನೆಯದನ್ನು ಹಚ್ಚಿದ. ಪೂರಿಯಾ ಧನಾಶ್ರೀ, ನಿಧಾನದ ಆಲಾಪ. ಹತ್ತು ನಿಮಿಷ ಯಾರೂ ಅಲುಗಾಡಲಿಲ್ಲ. ನಿಲ್ಲಿಸಿ, ವಯರ್ ಕಿತ್ತು, ಎರಡನೆಯದಕ್ಕೆ ಹಾಕತೊಡಗಿದ. ಟವೆಲ್ಲಿನ ಅಡಿಯ ಕೆಲಸ, ಜಲ್ದಿ ಆಗಲಿಲ್ಲ. ಫೋನು ಹೊಸ ಪೆಟ್ಟಿಗೆಯ ಗುರುತು ಹಿಡಿಯಲಿಕ್ಕೂ ಹಟ ಮಾಡಿತು.

ಜೋಳದಲ್ಲಿ ಕೈಯಾಡಿಸುತ್ತಿದ್ದ ಸಾವಕ್ಕ ತಲೆ ಎತ್ತಿದಳು. "ಆ ಹಾಡೂ ಮನಷ್ಯಾ ಮ್ಯಾಲಿನ ಷಡ್ಜಕ್ಕ ಹೋಗಾಕ ಎಷ್ಟ ಹಿಂದ ಮುಂದ ನೋಡತಾನ್ರಿ. ನೀವು ಶಿರಹಟ್ಟಿಗೆ ನನ್ನ ನೋಡಾಕ ಬಂದಾಗ ನಮ್ಮ ಹೊಸ್ತಿಲದಾಗ ಹಿಂಗ ನಿಂತಿದ್ರಿ."

"ನಾ ಎಲ್ಲಿ ನಿಂತಿದ್ನಿ? ಚಪ್ಪಲಿ ಉಂಗುಟ ಹರದಿತ್ತು!"

"ಐವತ್ತ ವರ್ಷದಿಂದ ಅದ ಚಪ್ಪಲಿ ಹೇಳಾಕತ್ತೀರಿ."

ಲೋಹಿತ ಟವೆಲ್ಲಿನಲ್ಲಿ ಕೈ ಇಟ್ಟುಕೊಂಡೇ ನಕ್ಕ. ಎರಡನೆಯದು ನುಡಿಯಿತು, ಎಲ್ಲರೂ ಸುಮ್ಮನಾದೆವು. ಮತ್ತೆ ವಯರ್ ಕೀಳುವ ಹೊತ್ತಿಗೆ ಸಾವಕ್ಕ ಎದ್ದುಹೋಗಿ ಹಸಿಶುಂಠಿ ಹಾಕಿದ ಚಹಾ ತಂದಳು. ಅವಳ ಅಪ್ಪ ಭಜನೆಗೆ ಹೋದವನು ತಾಳ ಮರೆತು ಬಂದದ್ದು, ಸಕ್ರಪ್ಪಣ್ಣ ಸಂತೆಯಲ್ಲಿ ರಾಗ ಗುನುಗುತ್ತ ಮಾರಿದ ಎತ್ತನ್ನೇ ಮತ್ತೆ ಮನೆಗೆ ಹೊಡೆದುಕೊಂಡು ಬಂದದ್ದು, ಎಲ್ಲ ಹೊರಬಿತ್ತು. ಲೋಹಿತ ಜೋಡಿಸಿ ಮುಗಿಸಿ ಬಹಳ ಹೊತ್ತಾಗಿತ್ತು. ಹಾಡು ಶುರು ಮಾಡಲು ಅವನಿಗೇ ಸಂಕೋಚ.

ಮೂರೂ ಮುಗಿದವು. ಸಕ್ರಪ್ಪಣ್ಣ ಇನ್ನೊಂದು ಟವೆಲ್ ತಂದು, ಅದರ ಅಡಿ ನನ್ನ ಕೈ ಹಿಡಿದ. ಮೊದಲನೆಯದೇ ಬಲು ತಿಳಿಯಾಗಿ ಕೇಳಿತ್ತು. ಅದೇ ಚಪ್ಪಟೆ ಪೆಟ್ಟಿಗೆ ಎಂದು ನನಗೆ ಖಾತ್ರಿ. ಗತ್ತಿನಿಂದ ಒಂದು ಬೆರಳು ಕೊಟ್ಟೆ. ಲೋಹಿತ ಮೊದಲು ಹಚ್ಚಿದ್ದು ಕಡ್ಡಿಪೆಟ್ಟಿಗೆಯಷ್ಟಿನದನ್ನು ಎಂಬುದು ಆಮೇಲೆ ತಿಳಿಯಿತು. ಅವನು ನನ್ನ ಮುಖ ನೋಡದೆ ಚಹಾದ ಬಟ್ಟಲನ್ನೇ ನೋಡುತ್ತಿದ್ದ. ಒಳ್ಳೆಯ ವಿದ್ಯಾರ್ಥಿ.

ಕಡೆಗೆ ಸಾವಕ್ಕನ ಸರದಿ. ಟವೆಲ್ಲಿನ ಅಡಿ ಹೆಂಡತಿಯ ಕೈ ಹಿಡಿದ ಸಕ್ರಪ್ಪಣ್ಣ ಕಾದ. ಇನ್ನಷ್ಟು ಕಾದ. ಅವನ ಹುಬ್ಬು ಗಂಟಾಯಿತು.

"ನಿನ್ನ ಕೈಯಾಗ ದರಾನ ಇಲ್ಲಲ್ಲ. ಒಂದೂ ಪಸಂದ ಬರಲಿಲ್ಲೇನು?"

"ಮೂರೂ ಛಲೋ ಅದಾವ. ವಿದ್ಯಾಶ್ರೀ ತಂದದ್ದೂ ಛಲೋನ ಇತ್ತು."

"ಮತ್ತ ಏನೋ ಇಲ್ಲ ಅಂದಿದ್ದಿ?"

ಸಾವಕ್ಕ ಮೊರದ ಕಡೆ ನೋಡಿದಳು. ನಾನು ಧ್ವನಿಯ ಯಾವ ದೋಷವನ್ನು ಹೇಳುತ್ತಾಳೋ ಎಂದು ಮುಂದೆ ಬಗ್ಗಿದೆ.

"ಈ ಲೋಹಿತ ವಯರ್ ತಗದು ಹಾಕತಿದ್ದನಲ್ರಿ, ಅವಾಗ ಮೊದಲಿನಂಗ ಆತು. ಟೇಪ ಇದ್ದಾಗ ನೀವು ಬಾಜೂ ತಿರವಾಕ ಏಳತಿದ್ರಿ, ಅಷ್ಟೊತ್ತು ನಾವು ಮಾತಾಡತಿದ್ವಿ. ಈ ಫೋನಿನ ಹಾಡು ಒಂದು ಮುಗಿಯೂದ್ರಾಗ ಇನ್ನೊಂದು ಬರತೈತಿ, ನಿಲ್ಲೂದ ಇಲ್ಲ. ನೀವು ಕಣ್ಣ ಮುಚ್ಚಿ ಕುಂತ ಬಿಡತೀರಿ. ನಾ ಯಾರ ಕೂಡ ಮಾತಾಡ್ಲಿ? ಗ್ವಾಡಿ ಕೂಡ ಏನು?" ಎಂದಳು. "ನನಗೂ ಈಗ ತಿಳೀತು ನೋಡ್ರಿ."

ನಲವತ್ತೈದು ವರ್ಷ ಟವೆಲ್ಲಿನ ಅಡಿ ಊರವರೆಲ್ಲರ ಮನಸ್ಸು ಓದಿದವನು ಸಕ್ರಪ್ಪಣ್ಣ. ಅಂಗೈ ಬೆವೆತರೆ ಸಾಕು, ರೈತ ಎಷ್ಟಕ್ಕೆ ಇಳಿಯುತ್ತಾನೆ ಎಂದು ಹೇಳುತ್ತಿದ್ದ. ಅವನು ಹೆಂಡತಿಯ ಕೈ ಹಾಗೇ ಹಿಡಿದುಕೊಂಡು ನೆಲ ನೋಡುತ್ತ ಕುಳಿತ. ನನಗಂತೂ ನಾಚಿಕೆಯಾಯಿತು. ಒಂದು ವಾರ ಡ್ಯಾಕ್ ಬಗ್ಗೆ ಓದಿದ್ದೆ. ಸಾವಕ್ಕನನ್ನು ಒಂದು ಮಾತು ಕೇಳಿರಲಿಲ್ಲ.

ಸಮಾಧಾನಕ್ಕೆಂದು ಬಾಯಿ ತೆರೆದೆ. "ಸಕ್ರಪ್ಪಣ್ಣ, ಫೋನಿನಾಗ ಒಂದು ಗುಂಡಿ ಐತ್ರಿ. ಒತ್ತಿ ಇಟ್ರ ಒಂದ ಹಾಡಿಗೆ ತಾನ ನಿಲ್ಲತೈತಿ."

"ಅದು ತಾನ ನಿಂತ್ರ ನಾ ಯಾಕ ಏಳ್ಲಿ ಮಾಸ್ತರ್ರ? ನಾ ಏಳಬೇಕು" ಎಂದ.

ಆಮೇಲೆ ಅವನು ಡ್ಯಾಕ್ ಆರಿಸಿದ. ಟವೆಲ್ ಸರಿಸಿ, ಒಂದೊಂದನ್ನೂ ಎತ್ತಿ ಹಿಂಭಾಗ ಮುಂದೆ ಮಾಡಿಕೊಂಡು, ಎತ್ತಿನ ಬಾಯಿ ನೋಡುವಂತೆಯೇ ಬಗ್ಗಿ, ವಯರ್ ಸಿಕ್ಕಿಸುವ ತೂತು ನೋಡಿದ. ಸಿಕ್ಕಿಸಿದ, ಕಿತ್ತ. ಒಂದೊಂದಕ್ಕೂ ಇಪ್ಪತ್ತು ಸಲ. ಚಪ್ಪಟೆಯದು ಬಿಗಿ. ಕಡ್ಡಿಪೆಟ್ಟಿಗೆಯದು ಹತ್ತಕ್ಕೇ ಅಲುಗಾಡಿತು. ಊಟದ ಡಬ್ಬಿಯಂಥದು ಇಪ್ಪತ್ತಕ್ಕೂ ಟಕ್ ಎಂದು ಕೂತು ಟಕ್ ಎಂದು ಬಂತು.

"ಇದ ಇರ್ಲಿ. ಇದರ ಹಲ್ಲ ಗಟ್ಟಿ ಅದಾವ."

"ಕಾಕಾ, ಡ್ಯಾಕನ್ನ ಹಿಂಗ ಆರಿಸಿದವರನ್ನ ನಾ ಕಂಡಿಲ್ರಿ. ದಿನಾ ಕಿತ್ತರ ಅದೂ ಹಾಳಾಗತೈತಿ" ಎಂದು ಲೋಹಿತ ಗೋಳಾಡಿದ.

"ಹಾಳಾದ್ರ ನಿನ್ನ ಕರಸ್ತೀವಿ. ಚಹಾ ಕುಡದ ಹೋಗೀಯಂತ."

ಈಗ ಆರು ತಿಂಗಳಾಯಿತು. ದಿನಾ ಸಂಜೆ ಗೋಡೆಯಾಚೆ ಹಾಡು ಶುರುವಾಗುತ್ತದೆ, ಅರ್ಧ ತಾಸಿಗೆ ಅವನು ಎದ್ದು ವಯರ್ ಕೀಳುತ್ತಾನೆ, ಟಕ್ ಎಂದು ನಿಲ್ಲುತ್ತದೆ. ಎಷ್ಟೋ ಸಲ ತಾನದ ನಡುವೆಯೇ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಈಗ ಚಹಾಕ್ಕೆ ಇಡುತ್ತೇವೆ.

ನಿನ್ನೆ ಅರ್ಧ ತಾಸು ದಾಟಿದರೂ ಹಾಡು ನಿಲ್ಲಲಿಲ್ಲ. ಗಾಬರಿಯಾಗಿ ಗೋಡೆಯ ಮೇಲಿಂದ ಇಣುಕಿದೆ. ಲಕ್ಷ್ಮೇಶ್ವರದ ಸಂತೆ ಮಾಡಿ ಬಂದ ಸಕ್ರಪ್ಪಣ್ಣ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿದ್ದೆ ಹೋಗಿದ್ದ, ಬಾಯಿ ಅರ್ಧ ತೆರೆದು. ಸಾವಕ್ಕ ಮೊರ ಕೆಳಗಿಟ್ಟಳು, ಮೊಣಕಾಲ ಮೇಲೆ ಕೈಯೂರಿ ಎದ್ದಳು, ವಯರ್ ಕಿತ್ತಳು. ಆಮೇಲೆ ಗಂಡನ ಭುಜ ಅಲುಗಿಸಿದಳು.

"ಏಳ್ರಿ. ಮಾತಾಡೂ ಹೊತ್ತಾತು."