ಪೋಳಿನ ಕರಿಹಲಗೆ

ಮದುವೆಯಾದ ಏಳನೆಯ ತಿಂಗಳಿಗೆ ನಾನು ಧಾರವಾಡದಿಂದ ಅಹಮದಾಬಾದಿಗೆ ಹೋದೆ. ಆಗ ನನಗೆ ಇಪ್ಪತ್ತು ವರ್ಷ. ನಮ್ಮನೆಯವರಿಗೆ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ. ಸೋಮವಾರ ಬೆಳಿಗ್ಗೆ ಹಾಸಿಗೆ ಸುತ್ತಿಕೊಂಡು ಮೆಹಸಾಣಾ, ಪಾಲನ್‌ಪುರದ ಕಡೆ ಲೈನಿಗೆ ಹೊರಟರೆ ಮತ್ತೆ ಶುಕ್ರವಾರ ಸಂಜೆಗೇ ಮನೆ ಕಾಣುವುದು. ಕ್ವಾರ್ಟರ್ಸ್ ಸಿಗುವತನಕ ಇರಲಿ ಎಂದು ಹಳೆಯ ಊರಿನೊಳಗೆ ಒಂದು ಪೋಳಿನಲ್ಲಿ, ಮಾಳಿಗೆಯ ಮೇಲೆ ಎರಡು ಕೋಣೆ ಹಿಡಿದಿದ್ದರು.

ಪೋಳ್ ಎಂದರೆ ಒಂದೇ ದೊಡ್ಡ ಬಾಗಿಲಿನ ಹಿಂದೆ ಅಡಗಿದ ಓಣಿ. ಆ ಕಡೆಯ ಕಿಟಕಿಯಿಂದ ಈ ಕಡೆಯ ಕಿಟಕಿಗೆ ಉಪ್ಪಿನಕಾಯಿ ಬಟ್ಟಲು ಚಾಚಬಹುದು, ಅಷ್ಟು ಇಕ್ಕಟ್ಟು. ಮನೆಗಳೆಲ್ಲ ಒಂದರ ಹೆಗಲಿಗೊಂದು ಒರಗಿಕೊಂಡಂತೆ ನಿಂತಿದ್ದವು. ಬಾಗಿಲ ಪಕ್ಕದ ಗೋಡೆಗೆ ಒಂದು ಕರಿಹಲಗೆ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ, ಕಥೆ ಕೀರ್ತನೆ ಇದ್ದರೆ, ಹಿರಿಯರೊಬ್ಬರು ಬಂದು ಸುಣ್ಣದ ಕಡ್ಡಿಯಲ್ಲಿ ಬರೆದು ಹೋಗುತ್ತಿದ್ದರು. ಊರಿನ ಆಡಳಿತದವರ ಸುದ್ದಿಯೂ ಅದರ ಮೇಲೆಯೇ ಬರುತ್ತಿತ್ತು: ನಲ್ಲಿ ಯಾವತ್ತು ಬಂದ್, ಗಟಾರ ಯಾವತ್ತು ತೆಗೆಯುತ್ತಾರೆ, ಯಾವ ರಸ್ತೆ ಅಗೆಯುತ್ತಾರೆ. ಅಚ್ಚು ಹಾಕಿದ ಹಾಳೆಗಳನ್ನು ಅದರ ಬದಿಗೆ ಅಂಟಿಸುತ್ತಿದ್ದರು.

ನನಗೆ ಗುಜರಾತಿ ಬರುತ್ತಿರಲಿಲ್ಲ. ಓದಲೂ ಬರದು, ಮಾತೂ ಬರದು. ಓಣಿಯ ಹೆಂಗಸರು ಮೊದಲ ವಾರ ಬಂದು ನೋಡಿಕೊಂಡು ಹೋದರು. ನನ್ನ ಸೀರೆಯ ಸೆರಗು ಅವರದಕ್ಕಿಂತ ಬೇರೆ ಕಡೆ ಬೀಳುವುದನ್ನು ಮುಟ್ಟಿ ನೋಡಿ ನಕ್ಕರು. ಆಮೇಲೆ ಅವರ ಕೆಲಸ ಅವರಿಗೆ. ಸೋಮವಾರದಿಂದ ಶುಕ್ರವಾರದವರೆಗೆ ನಾನು ಬಾಯಿ ಬಿಡುವ ಸಂದರ್ಭವೇ ಇರುತ್ತಿರಲಿಲ್ಲ. ತರಕಾರಿಯವಳಿಗೆ ಬೆರಳು ತೋರಿಸಿದರೆ ಸಾಕಾಗುತ್ತಿತ್ತು. ಶುಕ್ರವಾರ ನಮ್ಮನೆಯವರು ಬಂದು ಮಾತಾಡಿಸಿದರೆ ದನಿ ಒಡೆದು ಬರುತ್ತಿತ್ತು. ಮೊದಲ ಮಾತಿಗೆ ಮುಂಚೆ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

“ಥಂಡಿ ಆಗೇದೇನು?” ಎಂದು ಅವರು ಕೇಳಿದ್ದುಂಟು.

“ಇಲ್ರಿ. ಮಾತಾಡಿ ನಾಕು ದಿನ ಆತು, ಅದಕ್ಕ.”

ಅವರು ನಕ್ಕರು. ನಾನೂ ನಕ್ಕೆ. ಸೋಮವಾರ ಮತ್ತೆ ಅವರು ಹೊರಟುಹೋದರು.

ನಲ್ಲಿ ಇದ್ದದ್ದು ಮೆಟ್ಟಿಲ ಬುಡದಲ್ಲಿ. ನೀರು ಬೆಳಿಗ್ಗೆ ಎರಡು ತಾಸು ಬರುತ್ತಿತ್ತು. ಒಂದು ಮಂಗಳವಾರ ಕೊಡ, ಬಕೆಟ್ಟು ಹಿಡಿದು ಇಳಿದರೆ ನಲ್ಲಿಯಲ್ಲಿ ಹನಿಯೂ ಇಲ್ಲ. ಹಿಂದಿನ ದಿನವೇ ಹಾಸಿಗೆ ಹೊದಿಕೆಯನ್ನೆಲ್ಲ ಒಗೆದು ಇದ್ದ ನೀರು ಖಾಲಿ ಮಾಡಿದ್ದೆ. ಓಣಿಯಲ್ಲಿ ಬೇರೆ ಯಾರೂ ನಲ್ಲಿಯ ಕಡೆ ಸುಳಿಯಲಿಲ್ಲ. ಎಲ್ಲರ ಬಾಗಿಲೊಳಗೆ ತುಂಬಿದ ಹಿತ್ತಾಳೆ ಹಂಡೆಗಳು ಕಾಣುತ್ತಿದ್ದವು. ಹತ್ತು ಗಂಟೆಯವರೆಗೆ ಬಕೆಟ್ಟಿನ ಪಕ್ಕದಲ್ಲಿ ನಿಂತೇ ಇದ್ದೆ.

ಎದುರು ಮನೆಯ ಕೆಳಗಿನ ಕೋಣೆಯಲ್ಲಿ ಒಬ್ಬ ಹೆಂಗಸು ಬಾಡಿಗೆಗಿದ್ದಳು. ನಲವತ್ತೈದು ದಾಟಿದ ವಿಧವೆ. ಗೋಧಿ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಗರಿಗರಿಯಾಗಿ ಸುಟ್ಟು ಖಾಖರಾ ಮಾಡಿ ಅಂಗಡಿಗೆ ಕೊಡುತ್ತಿದ್ದಳು. ಆ ಮನೆಯ ಮಾಳಿಗೆಗೆ ಬೀಗ ಬಿದ್ದು ವರ್ಷಗಳಾಗಿದ್ದವು. ಮಾಲೀಕರು ಮುಂಬೈಯಲ್ಲಿದ್ದರು. ಅವಳು ಒಂದು ಕೊಡ ನೀರು ತಂದು ನನ್ನ ಮೆಟ್ಟಿಲ ಮೇಲಿಟ್ಟಳು. ಕರಿಹಲಗೆಯ ಕಡೆ ಕೈ ತೋರಿಸಿ, “ವಾಂಚ್ಯುಂ ನಹೀ?” ಎಂದಳು. ಓದಲಿಲ್ಲವಾ ಎಂದು ಕೇಳುತ್ತಿದ್ದಾಳೆಂದು ಕೈಸನ್ನೆಯಿಂದ ತಿಳಿಯಿತು. ನಾನು ತಲೆ ಅಲ್ಲಾಡಿಸಿದೆ. ಅವಳು ತನ್ನ ಎದೆ ಮುಟ್ಟಿಕೊಂಡು ತಾನೂ ತಲೆ ಅಲ್ಲಾಡಿಸಿದಳು. ಅವಳಿಗೂ ಓದು ಬರದು. ಆದರೆ ಅವಳಿಗೆ ಹೇಳುವವರಿದ್ದರು.

ಆ ಶುಕ್ರವಾರ ನಮ್ಮನೆಯವರನ್ನು ಹಲಗೆಯ ಮುಂದೆ ನಿಲ್ಲಿಸಿದೆ.

“ನೀ ಹಿಂದೀ ಪರೀಕ್ಷಾ ಎರಡು ಪಾಸ್ ಮಾಡೀಯಲ್ಲ,” ಎಂದರು ಅವರು. “ಬರೇ ತಲಿ ಮ್ಯಾಲಿನ ಗೆರಿ ತಗದಾರ, ನೋಡು. ನಿನ್ನ ಹಿಂದೀನ ಅದು.”

ನಿಜವಾಗಿ ಅಷ್ಟು ಸುಲಭವಿರಲಿಲ್ಲ. ಏಳೆಂಟು ಅಕ್ಷರಗಳು ಪೂರಾ ಬೇರೆ ಇದ್ದವು. ಅವನ್ನು ಅಂಗಡಿಯ ಬೋರ್ಡುಗಳಿಂದ, ಬೆಂಕಿಪೆಟ್ಟಿಗೆಯ ಚೀಟಿಯಿಂದ ಹೆಕ್ಕಿ ಒಂದು ನೋಟುಬುಕ್ಕಿನಲ್ಲಿ ಕನ್ನಡದ ಎದುರು ಬರೆದುಕೊಂಡೆ. ಮಾಡಲು ಬೇರೆ ಕೆಲಸವೂ ಇರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹಲಗೆಯ ಮೇಲಿನದನ್ನು ಎಡವುತ್ತ ಎಡವುತ್ತ ಗಟ್ಟಿಯಾಗಿ ಓದತೊಡಗಿದೆ. ಒಂದು ಬೆಳಿಗ್ಗೆ ಹಾಗೆ ಓದುತ್ತಿದ್ದಾಗ ಆ ಹೆಂಗಸು ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ನಿಂತಳು.

“ಬು-ಧ-ವಾರೇ... ಸವಾರೇ... ಪಾಣೀ ಬಂಧ್ ರಹೇಶೇ,” ಎಂದು ಓದಿದೆ.

ಅವಳ ಮುಖ ಅರಳಿತು. ಬೆರಳಿನಿಂದ ನಾಳೆ ಎಂಬಂತೆ ಸನ್ನೆ ಮಾಡಿ, ಖಾಲಿ ಕೊಡ ಕವುಚಿ ತೋರಿಸಿದಳು. ನಾಳೆ ಬುಧವಾರ ಬೆಳಿಗ್ಗೆ ನೀರಿಲ್ಲ. ಅಕ್ಷರ ನನ್ನ ಹತ್ತಿರ, ಅರ್ಥ ಅವಳ ಹತ್ತಿರ. ಅಂದಿನಿಂದ ನಾವಿಬ್ಬರೂ ಸೇರಿ ಒಬ್ಬ ಓದುಬಲ್ಲ ಮನುಷ್ಯರಾದೆವು. ಅವಳನ್ನು ನಾನು ಮಾಸಿ ಎಂದು ಕರೆದೆ, ಚಿಕ್ಕಮ್ಮ ಎಂದಂತೆ. ಅವಳು ನನ್ನನ್ನು ದೀಕರೀ, ಮಗಳೇ, ಎನ್ನುತ್ತಿದ್ದಳು.

ಸುದ್ದಿ ಹರಡಿತು. ಅಕ್ಷರ ಬರದ ನಾಲ್ಕಾರು ಹೆಂಗಸರು ಹಾಲು ತರುವ ಹೊತ್ತಿಗೆ ಹಲಗೆಯ ಮುಂದೆ ಸೇರತೊಡಗಿದರು. ಒಮ್ಮೆ ಅಚ್ಚಿನ ಹಾಳೆಯಲ್ಲಿ ‘ಶೀತಳಾನೀ ರಸೀ’ ಎಂದಿತ್ತು. ನನ್ನ ಹಿಂದಿಯಲ್ಲಿ ರಸ್ಸಿ ಎಂದರೆ ಹಗ್ಗ, ಶೀತಳ ಎಂದರೆ ತಂಪು. ಬೇಸಿಗೆಗೆ ಊರಿನವರು ಏನೋ ತಂಪಿನ ಹಗ್ಗ ಹಂಚುತ್ತಾರೆಂದು ತಿಳಿದು, ಬಾವಿಯಿಂದ ನೀರು ಸೇದುವ ಅಭಿನಯ ಮಾಡಿ, ಎಷ್ಟು ಉದ್ದ ಎಂದು ಕೈ ಚಾಚಿ ಕೇಳಿದೆ. ಅವರು ನಕ್ಕ ನಗುವಿಗೆ ಪಾರಿವಾಳಗಳು ಹಾರಿಹೋದವು. ಮಾಸಿ ರವಿಕೆಯ ತೋಳು ಸರಿಸಿ ತನ್ನ ರಟ್ಟೆಯ ಮೇಲಿನ ಹಳೆಯ ಕಲೆ ತೋರಿಸಿದಳು. ಸಿಡುಬಿನ ಚುಚ್ಚುಮದ್ದು! ಗುರುವಾರ ಎಲ್ಲರೂ ಸಾಲಾಗಿ ನಿಂತು ಹಾಕಿಸಿಕೊಂಡೆವು.

ಆದರೂ ಓದು ಮುಗಿದ ಮೇಲೆ ನನಗೆ ಅಲ್ಲಿ ಜಾಗವಿರುತ್ತಿರಲಿಲ್ಲ. ನಾನು ಓದಿದ ಸಾಲನ್ನು ಹಿಡಿದು ಅವರು ಅರ್ಧ ತಾಸು ವಾದಿಸುತ್ತಿದ್ದರು. ಯಾರನ್ನೋ ಬೈಯುತ್ತಿದ್ದರು, ಯಾವುದೋ ಹಳೆಯ ಸಂಗತಿ ನೆನೆದು ನಗುತ್ತಿದ್ದರು. ಅವರಿಗದು ಸುದ್ದಿ, ನನಗೆ ಸದ್ದು. ನಡುವೆ ನಿಂತು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹೊರಳಿಸಿ, ಕೊನೆಗೆ ಹಾಲಿನ ತಂಬಿಗೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಮಾಸಿಯೊಬ್ಬಳೇ ತಿರುಗಿ ನೋಡುತ್ತಿದ್ದಳು.

ಮಳೆಗಾಲ ಹತ್ತಿರವಾದಾಗ ಒಂದು ಉದ್ದನೆಯ ಹಾಳೆ ಅಂಟಿಸಿದರು. ‘ಜಾಹೇರ್ ಸೂಚನಾ’ ಎಂದು ದಪ್ಪ ಅಕ್ಷರ. ಎರಡನೆಯ ಸಾಲಿನಲ್ಲಿ ‘ಭಯಜನಕ ಮಕಾನ್’ ಎಂದು ಬಂತು. ಭಯಜನಕ! ಅದು ನಮ್ಮ ಮಾತೇ. ಮಕಾನ್ ಎಂದರೆ ಮನೆ ಎಂದೂ ಗೊತ್ತಿತ್ತು. ಸನ್ನೆಯ ಹಂಗಿಲ್ಲದೆ ಒಂದಿಡೀ ಸಾಲು ತಾನಾಗಿಯೇ ಅರ್ಥವಾದದ್ದು ಅದೇ ಮೊದಲು. ಆ ಖುಷಿಗೆ ನಗುನಗುತ್ತ ಎರಡನೆಯ ಸಲ ಓದಿದೆ. ಕೆಳಗೆ ಮನೆ ನಂಬರುಗಳ ಪಟ್ಟಿ. ಅಂಕಿಗಳು ನನಗೆ ಚೆನ್ನಾಗಿ ಬರುತ್ತಿದ್ದವು. ಮಗ್ಗಿ ಒಪ್ಪಿಸುವ ಹುಡುಗಿಯಂತೆ ಸರಸರನೆ ಓದಿ ಮುಗಿಸಿ ತಿರುಗಿದೆ.

ಎಲ್ಲರೂ ಮಾಸಿಯನ್ನು ನೋಡುತ್ತಿದ್ದರು. ಮಾಸಿ ನನ್ನನ್ನು ನೋಡುತ್ತಿದ್ದಳು. ಆಮೇಲೆ ಸೆರಗು ತಲೆಯ ಮೇಲೆಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗ ನಾನು ಅವಳ ಬಾಗಿಲ ಮೇಲಿನ ತಗಡಿನ ಚೂರನ್ನು ನೋಡಿದೆ. ದಿನಕ್ಕೆ ಹತ್ತು ಸಲ ಅದರ ಮುಂದೆ ಓಡಾಡಿದ್ದರೂ ಅದರ ಮೇಲಿನ ನಂಬರನ್ನು ಒಮ್ಮೆಯೂ ಓದಿರಲಿಲ್ಲ. ಪಟ್ಟಿಯಲ್ಲಿ ಅದು ಮೂರನೆಯದು.

ಐದು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಹಲಗೆಯ ಮುಂದೆಯೂ ಬರಲಿಲ್ಲ. ನಾನು ಕಿಟಕಿಯಲ್ಲಿ ಕೂತು ಅವಳ ಒಲೆಯ ಹೊಗೆ ನೋಡುತ್ತಿದ್ದೆ. ಎಷ್ಟೋ ದಿನ ಒಂಟಿಯಾಗಿ ಕಳೆದಿದ್ದೆ. ಆದರೆ ಎದುರಿಗೇ ಇರುವ ಒಬ್ಬರು ಬೇಕೆಂದೇ ಮುಖ ತಿರುಗಿಸುವ ಒಂಟಿತನ ಬೇರೆ. ಅದನ್ನು ತಡೆಯಲು ನನಗೆ ಬರುತ್ತಿರಲಿಲ್ಲ.

“ನೀ ಬರದಿಯೇನು ಅದನ್ನ? ಓದಿದಿ, ಅಷ್ಟ,” ಎಂದರು ನಮ್ಮನೆಯವರು ಶುಕ್ರವಾರ, ಬೀಳುವಂತಿರುವ ಮನೆಗಳನ್ನು ಮಳೆಗೆ ಮುಂಚೆ ಖಾಲಿ ಮಾಡಬೇಕೆಂದಿದ್ದ ಆ ಹಾಳೆಯನ್ನು ಪೂರಾ ಓದಿ.

“ನಕ್ಕೋತ ಓದಿದೆನ್ರಿ,” ಎಂದೆ.

ಸೋಮವಾರ ಅವರು ಹೋದ ಮೇಲೆ ಮಾಸಿ ಮೆಟ್ಟಿಲ ಕೆಳಗೆ ಬಂದು ನಿಂತಳು. “ನಡಿ, ದೀಕರೀ. ಕಚೇರಿಗೆ ಹೋಗೋಣ. ಅವರೇನಾದರೂ ಕಾಗದ ಕೊಟ್ಟರೆ ಓದಬೇಕಲ್ಲ,” ಎಂದು ಮಾತಿನಲ್ಲಿ ಅರ್ಧ, ಕೈಯಲ್ಲಿ ಅರ್ಧ ಹೇಳಿದಳು.

ವಾರ್ಡ್ ಕಚೇರಿಯಲ್ಲಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಮರುದಿನ ಒಬ್ಬ ವಯಸ್ಸಾದ ಎಂಜಿನಿಯರು ತಾವೇ ಬಂದು ಮನೆ ನೋಡಿದರು. ಹಿಂದಿನ ಗೋಡೆಗೆ ಕೋಲಿನಿಂದ ಮೆಲ್ಲಗೆ ತಟ್ಟಿದರೆ ಹೆಂಟೆ ಹೆಂಟೆ ಮಣ್ಣು ಉದುರಿತು. ತೊಲೆಯ ಬುಡದ ಬಿರುಕಿನಲ್ಲಿ ಅವರ ಅಂಗೈ ಪೂರ್ತಿ ಒಳಗೆ ಹೋಯಿತು. ಮಾಸಿ ಅದನ್ನು ನೋಡಿಯೂ, ಇಷ್ಟು ವರ್ಷ ನಿಂತಿದೆ, ಇನ್ನೊಂದು ಮಳೆಗಾಲ ನಿಲ್ಲುತ್ತದೆ ಎಂದು ಹಟ ಹಿಡಿದಳು. ಅವರು ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು: “ನನ್ನ ಮಾತು ಇವರು ಕೇಳುವುದಿಲ್ಲ. ನೀವು ಹೇಳಿ. ಮೊದಲ ಮಳೆಗೆ ಮುಂಚೆ ಹೋಗಬೇಕು.”

ಅದುವರೆಗೆ ನಾನು ಗುಜರಾತಿಯಲ್ಲಿ ಓದಿದ್ದೆನೇ ಹೊರತು ನನ್ನದೇ ಎಂದು ಒಂದು ಮಾತು ಆಡಿರಲಿಲ್ಲ. ತುಂಬ ಹೊತ್ತು ಪದ ಹುಡುಕಿದೆ. ಗೋಡೆ ಬೀಳುತ್ತದೆ, ನಿನಗೇನಾದರೂ ಆದರೆ ನಾನೇನು ಮಾಡಲಿ, ಇಲ್ಲಿ ನನಗಾದರೂ ಯಾರಿದ್ದಾರೆ ಎಂದೆಲ್ಲ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ: “ಮಾಸೀ, ತಮೇ ಜಾಓ.” ಚಿಕ್ಕಮ್ಮ, ನೀವು ಹೋಗಿ.

ಅವಳು ನನ್ನ ಮುಖವನ್ನೇ ನೋಡಿದಳು. “ಇದನ್ನು ಕಲಿತೆಯಾ?” ಎಂದಳು.

ಎಂಟು ದಿನಕ್ಕೆ ಸೂರತ್‌ನಿಂದ ಅವಳ ತಮ್ಮ ಬಂದ. ಅವನ ಮನೆ ಆ ಊರಿನ ಕತಾರ್‌ಗಾಮ್ ಕಡೆ ಎಂದು ಹೇಳಿದ್ದಳು. ಟಾಂಗಾದಲ್ಲಿ ಎರಡು ಟ್ರಂಕು, ಲಟ್ಟಣಿಗೆ, ಮಣೆ, ಹಿಟ್ಟಿನ ಡಬ್ಬಿಗಳನ್ನಿಟ್ಟು ಹತ್ತಿದಳು. ಓಣಿಯ ಹೆಂಗಸರು ಅಳುತ್ತ ಏನೇನೋ ಹೇಳಿದರು. ನನಗೆ ಹೇಳಲು ಬರುವ ಮಾತು ಮುಗಿದುಹೋಗಿತ್ತು. ಅವಳ ಮೊಣಕಾಲು ಮುಟ್ಟಿದೆ. ಟಾಂಗಾ ಹೊರಟಿತು.

ಮಳೆ ಶುರುವಾಗಿ ಆರನೆಯ ದಿನ, ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ಮನೆಯೆಲ್ಲ ಒಮ್ಮೆ ನಡುಗಿತು. ಕಿಟಕಿ ತೆರೆದರೆ ಎದುರು ಏನೂ ಕಾಣದಷ್ಟು ಮಣ್ಣಿನ ದೂಳು. ದೂಳು ಇಳಿದಾಗ ಹಿಂದಿನ ಗೋಡೆಯ ಜೊತೆ ಮಾಳಿಗೆಯೂ ಕುಸಿದು ಮಾಸಿಯ ಒಲೆಯ ಮೇಲೆ ಬಿದ್ದಿತ್ತು. ಆ ಹೊತ್ತಿಗೆ ಅವಳು ದಿನವೂ ಅಲ್ಲಿಯೇ ಕೂತು ಖಾಖರಾ ಸುಡುತ್ತಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ. ನಾನು ಕಿಟಕಿಯ ಸರಳು ಹಿಡಿದುಕೊಂಡು ಕನ್ನಡದಲ್ಲಿ ಗಟ್ಟಿಯಾಗಿ ಅತ್ತೆ. ಯಾರಿಗೂ ಅದು ತಿಳಿಯಲಿಲ್ಲ.

ಅವಳಿಗೆ ತಿಳಿಸಬೇಕೆನಿಸಿತು. ವಿಳಾಸ ಗೊತ್ತಿರಲಿಲ್ಲ. ಗೊತ್ತಿದ್ದರೂ ಕಾಗದವನ್ನು ಅವಳಿಗೆ ಇನ್ಯಾರೋ ಓದಿ ಹೇಳಬೇಕಿತ್ತು.

ಮಳೆಗಾಲ ಮುಗಿಯುವುದರೊಳಗೆ ನನಗೆ ಮಾತು ಬಂತು. ಹೇಗೆ ಬಂತೋ ಹೇಳಲಾರೆ. ಒಂದು ದಿನ ಹಲಗೆಯ ಮುಂದೆ ಹೆಂಗಸರು ವಾದಿಸುತ್ತಿದ್ದುದೆಲ್ಲ ಅರ್ಥವಾಗುತ್ತಿದೆ ಎಂದು ತಟ್ಟನೆ ಗೊತ್ತಾಯಿತು. ಅವರು ಮಾತಾಡುತ್ತಿದ್ದುದು ಸೊಸೆಯಂದಿರ ಬಗ್ಗೆ, ಸಕ್ಕರೆ ಸಿಗದ ಬಗ್ಗೆ. ಅಷ್ಟು ದಿನ ಏನೋ ದೊಡ್ಡದು ನನಗೆ ತಪ್ಪಿಹೋಗುತ್ತಿದೆ ಎಂದುಕೊಂಡಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಾಸಿ ಬಂದಳು. ಯಾರದೋ ಮದುವೆಗೆ ಊರಿಗೆ ಬಂದವಳು ಓಣಿ ನೋಡಿ ಹೋಗಲು ಬಂದಿದ್ದಳು. ಬಿದ್ದ ಮನೆಯ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ಮೆಟ್ಟಿಲು ಹತ್ತಿ ನನ್ನ ಅಡಿಗೆ ಮನೆಯಲ್ಲಿ ಕೂತಳು. ಚಹಾ ಕೊಟ್ಟೆ.

“ಅವತ್ತು ನೀನು ನಗುತ್ತ ಓದಿದೆ,” ಎಂದಳು.

“ಮೊದಲ ಸಲ ಅರ್ಥವಾಗಿತ್ತು, ಮಾಸೀ. ಆ ಖುಷಿಗೆ. ಅದು ನಿಮ್ಮ ಮನೆ ಎಂದು ಗೊತ್ತಿರಲಿಲ್ಲ.”

ಗುಜರಾತಿಯಲ್ಲಿ ನಾನು ಹೀಗೆ ಉತ್ತರ ಕೊಟ್ಟದ್ದಕ್ಕೆ ಅವಳು ಕಪ್ಪು ಕೆಳಗಿಟ್ಟಳು. “ಅರೇ, ನಿನಗೆ ಬಾಯಿ ಬಂದಿದೆಯಲ್ಲ! ನಾನಿದ್ದಾಗ ಬರಬಾರದಿತ್ತೇ?”

ತಮ್ಮನ ಮನೆಯಲ್ಲಿ ಹೇಗಿದೆ ಎಂದು ಕೇಳಿದೆ.

“ಚೆನ್ನಾಗಿ ನೋಡಿಕೊಳ್ಳುತ್ತಾರೆ. ಊಟ ಮಾಡುವವರು ಆರು ಜನ, ಆರು ಜನರಿಗೂ ಓದು ಬರುತ್ತದೆ. ಬೆಳಿಗ್ಗೆ ಪೇಪರನ್ನು ಹಂಚಿಕೊಂಡು ಕೂರುತ್ತಾರೆ. ಎಲ್ಲರೂ ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ, ದೀಕರೀ. ಊರಿನಲ್ಲಿ ಏನಾಗಿದೆ ಎಂದು ನನಗೆ ಗೊತ್ತಾಗುವುದೇ ಇಲ್ಲ.”

ಹನ್ನೆರಡು ಗಂಟೆಗೆ ಎದ್ದಳು. ಸೂರತ್‌ಗೆ ಬಾ ಎಂದಳು, ಬರುತ್ತೇನೆ ಎಂದೆ. ಬಸ್ಸು ನಿಲ್ಲುವ ಕಡೆಯವರೆಗೆ ಹೋಗಿ ಕಳಿಸಿ ಬಂದೆ.

ಮರುವರ್ಷ ನಮಗೆ ವಡೋದರಾದಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಅಲ್ಲಿ ದಿನವಿಡೀ ನೀರು. ಏನಾದರೂ ತಿಳಿಸುವುದಿದ್ದರೆ ಕಚೇರಿಯಿಂದ ಇಂಗ್ಲಿಷಿನಲ್ಲಿ ಟೈಪಾದ ಕಾಗದ ಮನೆಗೇ ಬರುತ್ತಿತ್ತು. ಅಲ್ಲಿಂದ ಒಮ್ಮೆ ಸೂರತ್‌ಗೆ ಹೋಗಿದ್ದೆವು. ಕತಾರ್‌ಗಾಮ್‌ಗೆ ಹೋಗೋಣವೆಂದು ನಮ್ಮನೆಯವರೇ ಹೇಳಿದರು. ವಜ್ರ ಉಜ್ಜುವ ಸದ್ದು, ಮಗ್ಗದ ಸದ್ದು ತುಂಬಿದ ಗಲ್ಲಿಗಳಲ್ಲಿ ಒಂದು ತಾಸು ನಡೆದೆವು.

“ಹೆಸರೇನ ಅವರದು?” ಎಂದು ಅವರು ಕೇಳಿದರು. “ಯಾರನ್ನರೆ ಕೇಳೋಣು.”

ಜೊತೆಗಿದ್ದಷ್ಟು ದಿನವೂ ಅವಳನ್ನು ನಾನು ಮಾಸಿ ಎಂದೇ ಕರೆದಿದ್ದೆ.